ಹಳೆಯ ಡೀಸೆಲ್ ಇಂಜಿನಿನ ಉತ್ಸವಯಾತ್ರೆ

ನಮ್ಮ ಊರುಗಳ ತೇರು ವರ್ಷಕ್ಕೊಮ್ಮೆ ಹೊರಡುತ್ತದೆ. ಉಳಿದ ದಿನಗಳಲ್ಲಿ ಅದು ತಗಡಿನ ಮರೆಯಲ್ಲಿ ನಿಂತೇ ಇರುತ್ತದೆ. ಜಾತ್ರೆಗೆ ಹದಿನೈದು ದಿನವಿರುವಾಗ ಬಡಗಿ ಬಂದು ಗಾಲಿಗಳನ್ನು ತಟ್ಟಿ ನೋಡುತ್ತಾನೆ. ಅಚ್ಚಿಗೆ ಎಣ್ಣೆ ಬೀಳುತ್ತದೆ. ಮಿಣಿಯನ್ನು ಹೊರಗೆ ತೆಗೆದು ಬಿಸಿಲಿಗೆ ಹಾಕುತ್ತಾರೆ. ತೇರೆಳೆಯುವ ಸಾವಿರ ಕೈಗಳನ್ನು ನೀವೆಲ್ಲರೂ ನೋಡಿದ್ದೀರಿ. ಗಾಲಿಯ ಬುಡದಲ್ಲಿ ಬಾಗಿ, ಹೊತ್ತು ಹೊತ್ತಿಗೆ ಮರದ ತುಂಡು ಕೊಟ್ಟು ಅದರ ಓಟವನ್ನು ತಡೆದು ತಿದ್ದುವ ನಾಲ್ಕಾರು ಮಂದಿಯನ್ನು ಗಮನಿಸಿದವರು ಕಡಮೆ. ಜಾತ್ರೆ ಸುಖವಾಗಿ ಮುಗಿಯುವುದು ಅವರಿಂದ.

ಇಂಗ್ಲೆಂಡಿನಲ್ಲಿಯೂ ಒಂದು ಬಗೆಯ ಜಾತ್ರೆ ನಡೆಯುತ್ತದೆ. ಅಲ್ಲಿ ಹೊರಡುವುದು ದೇವರ ತೇರಲ್ಲ, ಕೆಲಸದಿಂದ ಬಿಡುಗಡೆ ಹೊಂದಿದ ಹಳೆಯ ರೈಲು ಇಂಜಿನು. ಅದನ್ನು ಒಂದೂರಿನಿಂದ ಇನ್ನೊಂದೂರಿಗೆ ಕೊಂಡೊಯ್ದು, ಸಾಲಾಗಿ ನಿಲ್ಲಿಸಿ, ಜನಕ್ಕೆ ತೋರಿಸುತ್ತಾರೆ. ಅಂಥ ಪ್ರಯಾಣದ ಒಂದು ಚಿತ್ರವನ್ನು ಒಮ್ಮೆ ನಾನು ತರಗತಿಗೆ ಒಯ್ದಿದ್ದೆ. ಮುಂದೆ ಒಂದು ಇಂಜಿನು, ಅದರ ಹಿಂದೆ ಬಣ್ಣ ಬಳಿದ ಇನ್ನೊಂದು ಹಳೆಯ ಇಂಜಿನು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಇಂಜಿನು ಎಂದರೆ ಎಳೆಯುವುದಲ್ಲವೆ? ಇದನ್ನೇಕೆ ಇನ್ನೊಂದು ಎಳೆಯುತ್ತಿದೆ?” ಎಂದು ಕೇಳಿದ. ವ್ಯಾಕರಣ ಹೇಳುವ ನನಗೆ ಥಟ್ಟನೆ ಹೊಳೆದ ಉತ್ತರ, “ಕರ್ತರಿಯಲ್ಲಿದ್ದದ್ದು ಕರ್ಮಣಿಗೆ ಬಂದಿದೆ, ಮಗು” ಎಂಬುದು. ತರಗತಿ ನಕ್ಕಿತು. ಹುಡುಗನಿಗೆ ಮಾತ್ರ ತೃಪ್ತಿಯಾಗಲಿಲ್ಲ. ಅವನ ಪ್ರಶ್ನೆಗೆ ಸರಿಯಾದ ಉತ್ತರವನ್ನು ಹುಡುಕಿ ಓದಿದೆ. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಒಂದು ಇಂಜಿನಿನ ಕಥೆಯನ್ನೇ ಹಿಡಿದು ಹೊರಡೋಣ. ಅದರ ಹೆಸರು ಡೆಲ್ಟಿಕ್. 1955ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಎಂಬ ಕಂಪನಿ ಅದನ್ನು ಕಟ್ಟಿತು. ಗ್ರೀಕರ ಅಕ್ಷರಮಾಲೆಯಲ್ಲಿ ನಾಲ್ಕನೆಯದು ಡೆಲ್ಟಾ. ಅದನ್ನು ಬರೆಯುವುದು ತ್ರಿಕೋಣದ ಆಕಾರದಲ್ಲಿ. ನದಿಯು ಕಡಲು ಸೇರುವಲ್ಲಿ ಮೂಡುವ ಮುಕ್ಕೋಣದ ನೆಲಕ್ಕೂ ಇದೇ ಅಕ್ಷರದಿಂದ ಹೆಸರು ಬಂದಿದೆ. ನೇಪಿಯರ್ ಕಂಪನಿಯವರು ನೌಕಾಪಡೆಯ ವೇಗದ ದೋಣಿಗಳಿಗಾಗಿ ಮಾಡಿದ ಒಂದು ಡೀಸೆಲ್ ಯಂತ್ರ ಈ ಆಕಾರದ್ದು. ಸಾಮಾನ್ಯ ಯಂತ್ರದಲ್ಲಿ ಒಂದು ಸಿಲಿಂಡರಿಗೆ ಒಂದು ಪಿಸ್ಟನ್ನು. ಇದರಲ್ಲಿ ಪ್ರತಿಯೊಂದು ಸಿಲಿಂಡರಿನೊಳಗೂ ಎರಡು ಪಿಸ್ಟನ್ನುಗಳು ಎದುರುಬದುರಾಗಿ ಬಂದು, ನಡುವೆ ಎಣ್ಣೆ ಉರಿದಾಗ ಒಂದನ್ನೊಂದು ಅಗಲುತ್ತವೆ. ಇಂಥ ಸಿಲಿಂಡರುಗಳನ್ನು ತ್ರಿಕೋಣದ ಮೂರು ಬದಿಗಳಲ್ಲಿ ಇರಿಸಿ, ಮೂರು ಮೂಲೆಗಳಲ್ಲಿ ಮೂರು ಕ್ರ್ಯಾಂಕ್ ದಂಡಗಳನ್ನು ಕೂರಿಸಿದರು. ಹೀಗೆ ಆರು ತ್ರಿಕೋಣಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಸಿಲಿಂಡರು 18, ಪಿಸ್ಟನ್ನು 36. ಚಿಕ್ಕ ಒಡಲು, ಕಡಮೆ ತೂಕ, ದೊಡ್ಡ ಬಲ. ಒಂದೊಂದು ಯಂತ್ರವೂ 1,650 ಅಶ್ವಶಕ್ತಿಯದು. ಅಂಥ ಎರಡನ್ನು ಒಂದೇ ರೈಲು ಇಂಜಿನಿನೊಳಗೆ ಇಟ್ಟದ್ದರಿಂದ 3,300 ಅಶ್ವಶಕ್ತಿ ದೊರೆಯಿತು. ಆ ಕಾಲಕ್ಕೆ ಒಂಟಿ ಡೀಸೆಲ್ ಇಂಜಿನುಗಳಲ್ಲಿ ಜಗತ್ತಿನಲ್ಲೇ ಮಿಗಿಲಾದದ್ದೆಂದು ಅದು ಹೆಸರಾಯಿತು. ತಿಳಿನೀಲಿ ಬಣ್ಣದ ಅದರ ಪಕ್ಕೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೆಸರನ್ನು ಬರೆದಿದ್ದರು.

ಈ ಒಂದನ್ನು ಮಾದರಿಯಾಗಿಟ್ಟುಕೊಂಡು 1961 ಮತ್ತು 1962ರಲ್ಲಿ 22 ಡೆಲ್ಟಿಕ್‌ಗಳು ತಯಾರಾದವು. ಅವು 55 ಉಗಿ ಇಂಜಿನುಗಳ ಕೆಲಸಕ್ಕೆ ಬಂದು ನಿಂತವು. ಲಂಡನ್ನಿನಿಂದ ಎಡಿನ್‌ಬರೋವರೆಗಿನ 393 ಮೈಲಿಯ ದಾರಿಯಲ್ಲಿ ಗಂಟೆಗೆ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರು, ವೇಗದಲ್ಲಿ ಓಡಿದವು. ಕೆಲವಕ್ಕೆ ಸೇನೆಯ ದಳಗಳ ಹೆಸರಿಟ್ಟರು. ಕೆಲವಕ್ಕೆ ಪಂದ್ಯ ಗೆದ್ದ ಕುದುರೆಗಳ ಹೆಸರು. ಟುಲ್ಯಾರ್ ಎಂಬುದೂ ಅಲಿಸೈಡನ್ ಎಂಬುದೂ ಕುದುರೆಗಳೇ. ಅಶ್ವಶಕ್ತಿಯ ಯಂತ್ರಕ್ಕೆ ಅಶ್ವದ ಹೆಸರು ಒಪ್ಪಿತು. 1982ರ ಜನವರಿ 2ರಂದು ಇವುಗಳ ಬೀಳ್ಕೊಡುಗೆಯ ರೈಲು ಓಡಿತು. ಹೋಗುವಾಗ ಎಳೆದದ್ದು ಟುಲ್ಯಾರ್, ಬರುವಾಗ ರಾಯಲ್ ಸ್ಕಾಟ್ಸ್ ಗ್ರೇ. ಅಲ್ಲಿಂದ ಮುಂದೆ ಹೆಚ್ಚಿನವನ್ನು ಒಡೆದು ಗುಜರಿಗೆ ಹಾಕಿದರು. ಇಪ್ಪತ್ತೆರಡರಲ್ಲಿ ಉಳಿದದ್ದು ಆರು. ಒಂದನ್ನು ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯ ಇಟ್ಟುಕೊಂಡಿತು. ಉಳಿದವನ್ನು ಅಭಿಮಾನಿಗಳು ಕೈಯಿಂದ ಹಣ ಹಾಕಿ ಕೊಂಡರು.

ಮೊತ್ತಮೊದಲ ಡೆಲ್ಟಿಕ್ ಏನಾಯಿತು ಎಂದು ನೀವು ಕೇಳಬಹುದು. ಅದು 1961ರಲ್ಲೇ ಕೆಲಸ ನಿಲ್ಲಿಸಿತ್ತು. 1963ರಲ್ಲಿ ಅದನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟರು. 106 ಟನ್ನಿನ ಆ ಮೂರ್ತಿ ನಗರದ ಬೀದಿಯಲ್ಲಿ ಬಂದು, ಕಟ್ಟಡದೊಳಗೆ ಸೇರಿ, ಮೂವತ್ತು ವರ್ಷ ಅಲ್ಲಿಯೇ ನಿಂತಿತು. ಮಕ್ಕಳು ಬಂದು ನೋಡಿದರು. ಗಾಲಿ ಒಂದು ಸುತ್ತೂ ತಿರುಗಲಿಲ್ಲ. 1993ರಲ್ಲಿ ಅದನ್ನು ಹೊರಗೆ ತೆಗೆದು ಯಾರ್ಕ್ ನಗರದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕೊಂಡೊಯ್ದರು. ಮುಂದೆ ಅದು ಶಿಲ್ಡನ್ ಎಂಬ ಊರಿನ ಶಾಖೆಗೆ ಹೋಯಿತು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಅಷ್ಟು ಬಲದ ಇಂಜಿನನ್ನು ಎಳೆದುಕೊಂಡು ಹೋಗಬೇಕೇಕೆ? ಕೀಲಿ ತಿರುಗಿಸಿ ಓಡಿಸಿಕೊಂಡು ಹೋಗಬಾರದೆ?

ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ವಾಲ್ವಿನ ರೇಡಿಯೋ ಒಂದಿದೆ ಎನ್ನಿ. ಇಪ್ಪತ್ತು ವರ್ಷ ಮುಟ್ಟದೆ ಇಟ್ಟಿದ್ದೀರಿ. ಅದನ್ನು ಇಳಿಸಿ, ದೂಳು ಒರಸಿ, ನೇರವಾಗಿ ವಿದ್ಯುತ್ತಿಗೆ ಜೋಡಿಸಿದರೆ ಏನಾದೀತು? ಒಳಗಿನ ಕಂಡೆನ್ಸರು ಇಷ್ಟು ವರ್ಷ ಸುಮ್ಮನಿದ್ದು ಕೆಟ್ಟಿರುತ್ತದೆ; ಸುಟ್ಟ ವಾಸನೆ ಬಂದು, ಜೊತೆಗೆ ಟ್ರಾನ್ಸ್‌ಫಾರ್ಮರೂ ಹೋಗಬಹುದು. ರಿಪೇರಿ ಬಲ್ಲವರು ಮೊದಲು ಅದನ್ನು ಬಿಚ್ಚಿ ನೋಡುತ್ತಾರೆ. ಡೀಸೆಲ್ ಇಂಜಿನಿನ ಮಾತೂ ಇದೇ. ನಿಂತ ಯಂತ್ರ ಕೆಡುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಓಡುವ ಯಂತ್ರ ಸವೆಯುತ್ತದೆ, ನಿಂತ ಯಂತ್ರ ತುಕ್ಕು ಹಿಡಿಯುತ್ತದೆ.

ಎರಡನೆಯದಾಗಿ, ಮುಖ್ಯ ಹಳಿಯ ಮೇಲೆ ಸ್ವಂತ ಬಲದಿಂದ ಓಡಬೇಕಾದರೆ ಇಂಜಿನಿಗೆ ಇಂದಿನ ನಿಯಮಗಳಿಗೆ ತಕ್ಕ ಸುರಕ್ಷಾ ಸಾಧನಗಳೂ ಅನುಮತಿಯೂ ಬೇಕು. ರಾಯಲ್ ಸ್ಕಾಟ್ಸ್ ಗ್ರೇ ಹೀಗೆ ಸಜ್ಜಾಗಿ 1996ರಲ್ಲಿ ಮತ್ತೆ ಮುಖ್ಯ ಹಳಿಗೆ ಬಂದಿತು. ಆದರೆ ಈ ಭಾಗ್ಯ ಎಲ್ಲಕ್ಕೂ ಇಲ್ಲ, ಖರ್ಚು ಬಹಳ. ಆದ್ದರಿಂದ ಅನೇಕ ಹಳೆಯ ಇಂಜಿನುಗಳು ಉತ್ಸವಕ್ಕೆ ಹೋಗುವುದು ಇಂಜಿನುಗಳಾಗಿ ಅಲ್ಲ, ಸಾಮಾನಿನ ಡಬ್ಬಿಗಳಂತೆ. ಇಲ್ಲಿಯೇ ಇರುವುದು ಸ್ವಾರಸ್ಯ. ಎಳೆಯುವುದಕ್ಕೆಂದೇ ಹುಟ್ಟಿದ ವಸ್ತುವನ್ನು ಎಳೆಸಿಕೊಳ್ಳಲು ಸಿದ್ಧಗೊಳಿಸುವುದು ಸುಲಭದ ಕೆಲಸವಲ್ಲ.

ಮೊದಲ ಪರೀಕ್ಷೆ ಗಾಲಿ ಮತ್ತು ಅಚ್ಚುಗಳದು. ಡೆಲ್ಟಿಕ್‌ಗೆ ಆರು ಅಚ್ಚು, ಹನ್ನೆರಡು ಗಾಲಿ. 99 ಟನ್ನಿನ ಭಾರವನ್ನು ಹಂಚಿದರೆ ಒಂದೊಂದು ಅಚ್ಚಿನ ಮೇಲೆ ಹದಿನಾರೂವರೆ ಟನ್ನು. ಅಚ್ಚಿನ ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಕಣ್ಣಿಗೆ ಕಾಣಿಸದು. ಆದ್ದರಿಂದ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದದ ಅಲೆಗಳನ್ನು ಅಚ್ಚಿನೊಳಗೆ ಹಾಯಿಸುತ್ತಾರೆ. ಉಕ್ಕು ಅಖಂಡವಾಗಿದ್ದರೆ ಅಲೆ ಇನ್ನೊಂದು ತುದಿಗೆ ಹೋಗಿ ಮರಳುತ್ತದೆ. ನಡುವೆ ಬಿರುಕಿದ್ದರೆ ಅಲ್ಲಿಂದಲೇ ಪ್ರತಿಧ್ವನಿ ಬಂದುಬಿಡುತ್ತದೆ. ಬಡಗಿ ತೇರಿನ ಗಾಲಿಯನ್ನು ತಟ್ಟಿ ಸದ್ದು ಕೇಳುವುದರ ತಮ್ಮ ಇದು.

ಆಮೇಲೆ ಬೇರಿಂಗುಗಳು. ಅಚ್ಚಿನ ತುದಿಯ ಪೆಟ್ಟಿಗೆಯೊಳಗೆ ಉಕ್ಕಿನ ಉರುಳೆಗಳು ಗ್ರೀಸಿನಲ್ಲಿ ತಿರುಗುತ್ತಿರುತ್ತವೆ. ಇಂಜಿನು ವರ್ಷಗಟ್ಟಲೆ ಒಂದೇ ಕಡೆ ನಿಂತರೆ ಅವೇ ಉರುಳೆಗಳು ಅದೇ ಜಾಗವನ್ನು ಒತ್ತುತ್ತಿರುತ್ತವೆ, ಗ್ರೀಸು ಒಣಗುತ್ತದೆ, ತೇವ ಸೇರಿದರೆ ಆ ಒತ್ತಿದ ಜಾಗದಲ್ಲೇ ತುಕ್ಕು ಕೂರುತ್ತದೆ. ತಿಳಿದವರು ಪ್ರದರ್ಶನದ ಇಂಜಿನನ್ನೂ ಆಗಾಗ್ಗೆ ನಾಲ್ಕು ಮಾರು ಹಿಂದೆ ಮುಂದೆ ಸರಿಸಿ ಇಡುತ್ತಾರೆ. ಹಾಸಿಗೆ ಹಿಡಿದ ಮುದುಕರನ್ನು ಮಗ್ಗುಲು ಬದಲಿಸಿ ಮಲಗಿಸುವಂತೆ.

ಮೂರನೆಯದು ಮೋಟಾರು. ಡೆಲ್ಟಿಕ್‌ನಲ್ಲಿ ಡೀಸೆಲ್ ಯಂತ್ರ ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ. ಅದು ಜನರೇಟರನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತು ಪ್ರತಿಯೊಂದು ಅಚ್ಚಿಗೂ ಅಂಟಿಕೊಂಡಿರುವ ಒಂದೊಂದು ಮೋಟಾರಿಗೆ ಹೋಗುತ್ತದೆ. ಮೋಟಾರಿಗೂ ಅಚ್ಚಿಗೂ ಹಲ್ಲುಚಕ್ರದ ನಂಟು. ಇನ್ನೊಂದು ಇಂಜಿನು ಇದನ್ನು ಎಳೆಯುವಾಗ ಗಾಲಿ ತಿರುಗಿದರೆ ಮೋಟಾರೂ ತಿರುಗಲೇ ಬೇಕು. ದಾರಿಯಲ್ಲಿ ಒಂದು ಮೋಟಾರಿನ ಬೇರಿಂಗು ಬಿಗಿದು ಕಚ್ಚಿಕೊಂಡಿತೆನ್ನಿ. ಆ ಜೊತೆ ಗಾಲಿ ತಿರುಗದೆ ಹಳಿಯ ಮೇಲೆ ಜಾರುತ್ತ ಹೋಗುತ್ತದೆ. ಉಜ್ಜಿದ ಕಡೆ ಗಾಲಿ ಚಪ್ಪಟೆಯಾಗುತ್ತದೆ. ಆದ್ದರಿಂದ ಹೊರಡುವ ಮೊದಲು ಮೋಟಾರುಗಳ ವಿದ್ಯುತ್ ಸಂಬಂಧವನ್ನು ಕಡಿದು, ಅವುಗಳ ಗ್ರೀಸು ನೋಡಿ, ಸಂಶಯ ಬಂದಲ್ಲಿ ಮೋಟಾರಿನ ಚಿಕ್ಕ ಹಲ್ಲುಚಕ್ರವನ್ನೇ ಕಳಚಿಬಿಡುತ್ತಾರೆ. ಆಗ ಗಾಲಿಯ ಪಾಡಿಗೆ ಗಾಲಿ, ಮೋಟಾರಿನ ಪಾಡಿಗೆ ಮೋಟಾರು.

ನಾಲ್ಕನೆಯದು ಬ್ರೇಕು, ಎಲ್ಲಕ್ಕಿಂತ ಮುಖ್ಯವಾದದ್ದು. ನೂರು ಟನ್ನಿನ ವಸ್ತುವನ್ನು ಹೊರಡಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ. ಮುಂದಿನ ಇಂಜಿನಿನಿಂದ ಒತ್ತಿದ ಗಾಳಿ ರಬ್ಬರಿನ ಕೊಳವೆಯ ಮೂಲಕ ಹಿಂದಿನದಕ್ಕೆ ಬರಬೇಕು. ಮುಂದಿನ ಚಾಲಕ ಬ್ರೇಕು ಹಾಕಿದಾಗ, ಒಳಗೆ ಯಂತ್ರ ಸತ್ತಂತಿರುವ ಹಳೆಯ ಇಂಜಿನೂ ವಿಧೇಯನಾದ ಡಬ್ಬಿಯಂತೆ ತನ್ನ ಗಾಲಿಗಳನ್ನು ತಾನೇ ಹಿಡಿಯಬೇಕು. ಇದಕ್ಕಾಗಿ ಕೆಲವು ತಿರುಪುಗಳನ್ನು ತೆರೆದು, ಕೆಲವನ್ನು ಮುಚ್ಚಿ ಕಟ್ಟುತ್ತಾರೆ. ಕೊಳವೆಗಳ ರಬ್ಬರು ಹಳತಾಗಿದ್ದರೆ ಬದಲಾಯಿಸುತ್ತಾರೆ. ಕೊನೆಗೆ ಒಬ್ಬನು ಮುಂದೆ ಬ್ರೇಕು ಹಾಕಿ ಬಿಡುತ್ತಾನೆ; ಇನ್ನೊಬ್ಬನು ಹಿಂದೆ ಗಾಲಿಯ ಬಳಿ ಕುಳಿತು, ಹಿಡಿಯಿತೆ, ಬಿಟ್ಟಿತೆ ಎಂದು ಕಣ್ಣಾರೆ ನೋಡುತ್ತಾನೆ. ಬಿಡದೆ ಹಿಡಿದುಕೊಂಡ ಬ್ರೇಕು ಹಿಡಿಯದ ಬ್ರೇಕಿನಷ್ಟೇ ಅಪಾಯ. ದಾರಿಯುದ್ದಕ್ಕೂ ಗಾಲಿಯನ್ನು ಸುಡುತ್ತದೆ. ಕೈಬ್ರೇಕನ್ನು ಸಡಿಲಿಸಲು ಮರೆಯಬಾರದೆಂಬ ಮಾತು ಪ್ರತ್ಯೇಕ ಹೇಳಬೇಕಾದದ್ದಲ್ಲ. ಆದರೂ ಪಟ್ಟಿಯಲ್ಲಿ ಅದನ್ನು ಬರೆದೇ ಇಡುತ್ತಾರೆ.

ಇಷ್ಟೂ ಸರಿಯಾಯಿತೆಂದು ಬಲ್ಲವರು ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆ ಪ್ರಯಾಣ. ಗಂಟೆಗೆ 100 ಮೈಲಿ ಓಡಿದ ಇಂಜಿನು ಈಗ ನಿಧಾನವಾಗಿ ಹೋಗುತ್ತದೆ. ನಿಂತ ನಿಲ್ದಾಣದಲ್ಲಿ ಜೊತೆಯವರು ಇಳಿದು ಅಚ್ಚಿನ ಪೆಟ್ಟಿಗೆಗಳು ಬಿಸಿಯಾಗಿವೆಯೇ ಎಂದು ನೋಡುತ್ತಾರೆ. ಎಲ್ಲವೂ ಸಮನಾಗಿ ಬೆಚ್ಚಗಿದ್ದರೆ ಚಿಂತೆಯಿಲ್ಲ. ಹನ್ನೊಂದು ಬೆಚ್ಚಗಿದ್ದು ಒಂದು ಮಾತ್ರ ಕೈಯಿಡಲಾರದಷ್ಟು ಬಿಸಿಯಾಗಿದ್ದರೆ ಉತ್ಸವ ಅಲ್ಲಿಗೇ ಮುಗಿಯಿತು.

ಹಳಿಯ ದಾರಿ ಒದಗದಿದ್ದರೆ ರಸ್ತೆಯ ದಾರಿ. ನೆಲಕ್ಕೆ ತಗ್ಗಾದ, ಅನೇಕ ಅಚ್ಚುಗಳ ಉದ್ದನೆಯ ಟ್ರೇಲರಿನ ಮೇಲೆ ಹಳಿಯ ತುಂಡುಗಳನ್ನು ಜೋಡಿಸಿ, ಇಳಿಜಾರು ಕಟ್ಟಿ, ಉಕ್ಕಿನ ಹಗ್ಗದಿಂದ ಇಂಚಿಂಚಾಗಿ ಇಂಜಿನನ್ನು ಮೇಲೇರಿಸುತ್ತಾರೆ. ಭಾರ ಮಿತಿಮೀರಿದರೆ ಕ್ರೇನಿನಿಂದ ಒಡಲನ್ನು ಎತ್ತಿ, ಅದನ್ನೊಂದು ವಾಹನದಲ್ಲಿಯೂ ಬೋಗಿಗಳನ್ನು ಮತ್ತೊಂದರಲ್ಲಿಯೂ ಸಾಗಿಸುವುದುಂಟು. ಇಲ್ಲಿ ಬೋಗಿಯೆಂದರೆ ನಾವು ಆಡುಮಾತಿನಲ್ಲಿ ಹೇಳುವ ರೈಲಿನ ಡಬ್ಬಿಯಲ್ಲ. ಇಂಜಿನಿನ ಕೆಳಗೆ ಮೂರು ಮೂರು ಜೊತೆ ಗಾಲಿಗಳನ್ನು ಹಿಡಿದಿಟ್ಟಿರುವ ಚೌಕಟ್ಟು. ಡೆಲ್ಟಿಕ್‌ನ ಉದ್ದ 21 ಮೀಟರಿಗೆ ಮೇಲೆ. ಯಾವ ತಿರುವಿನಲ್ಲಿ ಅದು ಹೊರಳೀತು, ಯಾವ ಸೇತುವೆ ಭಾರ ತಡೆದೀತು, ಯಾವ ತಂತಿ ಅಡ್ಡವಾದೀತು ಎಂದು ಮೊದಲೇ ಒಬ್ಬರು ದಾರಿಯನ್ನು ನೋಡಿಬರಬೇಕು. ಪೊಲೀಸರಿಗೂ ರಸ್ತೆ ಸೇತುವೆಗಳ ಅಧಿಕಾರಿಗಳಿಗೂ ಮುಂಚಿತವಾಗಿ ತಿಳಿಸಬೇಕು. ನಮ್ಮ ತೇರಿನ ಬೀದಿಯಲ್ಲಿ ಕೊಂಬೆ ಕಡಿದು ತಂತಿ ಎತ್ತಿ ಕಟ್ಟುವವರಿಗೆ ಈ ಕಷ್ಟ ಹೊಸದಲ್ಲ.

ಉತ್ಸವದಲ್ಲಿ ಯಂತ್ರವನ್ನು ಓಡಿಸಿ ತೋರಿಸಬೇಕೆಂದಿದ್ದರೆ ಅದು ಬೇರೆಯೇ ಕೆಲಸ. ಮೊದಲು ಪಂಪಿನಿಂದ ಎಣ್ಣೆಯನ್ನು ಒಳಗಿನ ಬೇರಿಂಗುಗಳಿಗೆಲ್ಲ ಮುಟ್ಟಿಸಬೇಕು. ಆಮೇಲೆ ಬ್ಯಾಟರಿಯ ವಿದ್ಯುತ್ತು ಜನರೇಟರನ್ನೇ ಮೋಟಾರಿನಂತೆ ತಿರುಗಿಸಿ ಡೀಸೆಲ್ ಯಂತ್ರವನ್ನು ಎಬ್ಬಿಸುತ್ತದೆ. ಡೆಲ್ಟಿಕ್ ಎದ್ದಾಗ ದಟ್ಟವಾದ ಹೊಗೆ ಮೋಡದಂತೆ ಮೇಲೇಳುವುದನ್ನು ನೋಡಲೆಂದೇ ಜನ ಕಾದಿರುತ್ತಾರೆ. ಬಹಳ ಹೊತ್ತು ಮಂದವಾಗಿ ಓಡಿಸುತ್ತ ನಿಲ್ಲಿಸಿದರೆ ಹೊಗೆ ಹೋಗುವ ದಾರಿಯಲ್ಲಿ ಎಣ್ಣೆ ಸೇರುತ್ತದೆ. ಒಮ್ಮೆಗೇ ಜೋರು ಕೊಟ್ಟರೆ ಅದು ಹೊತ್ತಿಕೊಳ್ಳಲೂ ಬಹುದು. ನೋಡುವವರ ಸಂತೋಷಕ್ಕೂ ಯಂತ್ರದ ಹಿತಕ್ಕೂ ನಡುವೆ ನಿಂತು ಎಷ್ಟು ಹೊತ್ತು, ಎಷ್ಟು ಜೋರು ಎಂದು ತೀರ್ಮಾನಿಸುವ ಹಿರಿಯನೊಬ್ಬ ಅಲ್ಲಿರಬೇಕು.

ಇಷ್ಟೆಲ್ಲ ಕಷ್ಟಪಟ್ಟು ಕೊಂಡೊಯ್ಯುವುದು ಉಚಿತವೇ ಎಂಬ ಪ್ರಶ್ನೆ ಉಳಿಯಿತು. ನಮ್ಮ ಹಿರಿಯರು ಇಂಥ ಪ್ರಶ್ನೆಗೆ ಒಂದು ಉಪಾಯ ಮಾಡಿದ್ದರು. ಗರ್ಭಗುಡಿಯ ಮೂಲವಿಗ್ರಹ ಕದಲುವುದಿಲ್ಲ; ಬೀದಿಗೆ ಬರುವುದು ಉತ್ಸವಮೂರ್ತಿ. ಇಂಜಿನಿಗೆ ಆ ಅನುಕೂಲವಿಲ್ಲ. ಇರುವುದು ಒಂದೇ ಮೂರ್ತಿ. ಅದು ಮುರಿದರೆ ಮತ್ತೊಂದು ಸಿಕ್ಕುವುದಿಲ್ಲ. 36 ಪಿಸ್ಟನ್ನುಗಳ ಈ ಯಂತ್ರದ ಬಿಡಿಭಾಗಗಳನ್ನು ಈಗ ಅಂಗಡಿಯಲ್ಲಿ ಮಾರುವುದಿಲ್ಲ. ಆದ್ದರಿಂದ ಹೊರಗೆ ತರಬಾರದು ಎನ್ನುವವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಒಳಗಿದ್ದದ್ದೆಲ್ಲ ಕ್ಷೇಮವೆಂದೂ ಹೇಳಲಾಗದು. 2003ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಿಮದ ಭಾರಕ್ಕೆ ಮಾಡು ಕುಸಿದು ಒಳಗಿದ್ದ ಹಳೆಯ ಇಂಜಿನುಗಳ ಮೇಲೆ ಬಿತ್ತು. 2005ರ ಅಕ್ಟೋಬರಿನಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ವಸ್ತುಸಂಗ್ರಹಾಲಯದ ಇಂಜಿನು ಕೊಟ್ಟಿಗೆಗೆ ಬೆಂಕಿ ಬಿದ್ದು ಇಪ್ಪತ್ತಕ್ಕೂ ಹೆಚ್ಚು ವಾಹನಗಳು ಸುಟ್ಟವು. ಅವು ಯಾವ ಜಾತ್ರೆಗೂ ಹೊರಟಿರಲಿಲ್ಲ, ಮನೆಯಲ್ಲೇ ಇದ್ದವು.

ಇನ್ನೂ ಒಂದು ಮಾತು. ಯಂತ್ರವನ್ನು ಉಳಿಸುವುದೆಂದರೆ ಕಬ್ಬಿಣವನ್ನು ಉಳಿಸುವುದು ಮಾತ್ರವಲ್ಲ. ಅದನ್ನು ಬಿಚ್ಚಿ ಕೂಡಿಸಬಲ್ಲ ಕೈಗಳನ್ನೂ ಉಳಿಸಬೇಕು. ಡೆಲ್ಟಿಕ್ ಓಡುತ್ತಿದ್ದ ಕಾಲದಲ್ಲಿ ಇಪ್ಪತ್ತು ವರ್ಷದವನಾಗಿದ್ದ ಫಿಟ್ಟರು ಈಗ ಮುದುಕ. ಯಾವ ತಿರುಪು ಎಷ್ಟು ಬಿಗಿಯಿರಬೇಕು, ಯಾವ ಸದ್ದು ಕೇಳಿದರೆ ಯಂತ್ರವನ್ನು ತಟ್ಟನೆ ನಿಲ್ಲಿಸಬೇಕು ಎಂಬ ತಿಳಿವು ಪುಸ್ತಕದಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಇಂಜಿನು ಗಾಜಿನ ಆಚೆ ನಿಂತೇ ಇದ್ದರೆ ಅವನು ಅದನ್ನು ಕಲಿಸುವ ಸಂದರ್ಭವೇ ಬರುವುದಿಲ್ಲ. ಉತ್ಸವಕ್ಕೆ ಹೊರಡಬೇಕೆಂದಾಗ ಮಾತ್ರ ಮುದುಕನೂ ತರುಣನೂ ಒಟ್ಟಿಗೆ ಇಂಜಿನಿನ ಕೆಳಗೆ ತೆವಳುತ್ತಾರೆ. ಇವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ರಜಾದಿನಗಳಲ್ಲಿ ಬಂದು ದುಡಿಯುವವರು.

ಶಿಲ್ಡನ್ ಸಾಮಾನ್ಯ ಊರಲ್ಲ. 1825ರ ಸೆಪ್ಟೆಂಬರ್ 27ರಂದು ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲುದಾರಿ ತೆರೆದಾಗ, ಲೋಕೊಮೋಷನ್ ಎಂಬ ಉಗಿ ಇಂಜಿನು ಜನರನ್ನೂ ಕಲ್ಲಿದ್ದಲನ್ನೂ ಎಳೆದುಕೊಂಡು ಹೊರಟದ್ದು ಅಲ್ಲಿಂದ. ಆ ಊರಿನಲ್ಲಿ 2011ರಲ್ಲಿ ಡೆಲ್ಟಿಕ್‌ಗಳ ಕೂಟವೊಂದು ನಡೆಯಿತು. ಮೊದಲ ಡೆಲ್ಟಿಕ್ ಅಲ್ಲಿಯೇ ಇತ್ತು. ಅದರ ಮಾದರಿಯಲ್ಲಿ ಹುಟ್ಟಿದವು ಬೇರೆ ಬೇರೆ ಊರುಗಳಿಂದ ಬಂದು ಅದರ ಅಂಗಳವನ್ನು ಸೇರಿದವು. 2025ರ ಆಗಸ್ಟ್ 1ರಿಂದ 3ರವರೆಗೆ ರೈಲಿನ ಇನ್ನೂರು ವರ್ಷಗಳ ಅಂಗವಾಗಿ ಡಾರ್ಬಿ ನಗರದ ರೈಲು ಕಾರ್ಖಾನೆಯಲ್ಲಿ ಇನ್ನೂ ದೊಡ್ಡ ಜಾತ್ರೆಯಾಯಿತು. ಉಗಿಯವು, ಡೀಸೆಲಿನವು, ವಿದ್ಯುತ್ತಿನವು ಎಲ್ಲ ಸೇರಿ ನೂರನಾಲ್ವತ್ತಕ್ಕೂ ಹೆಚ್ಚು ವಾಹನಗಳು ಅಲ್ಲಿ ಬಂದು ನಿಂತಿದ್ದವು. ಪ್ರತಿಯೊಂದು ಹಳೆಯ ಇಂಜಿನಿನ ಹಿಂದೆಯೂ ನಾನು ಮೇಲೆ ಹೇಳಿದ ಗಾಲಿ, ಬೇರಿಂಗು, ಮೋಟಾರು, ಬ್ರೇಕುಗಳ ವಾರಗಟ್ಟಲೆಯ ಕೆಲಸವಿತ್ತೆಂಬುದನ್ನು ನೆನೆದರೆ ಆ ಸಾಲಿನ ಬೆಲೆ ತಿಳಿಯುತ್ತದೆ.

ಹಿಂದಿನ ಬೆಂಚಿನ ಹುಡುಗನಿಗೆ ಇದನ್ನೆಲ್ಲ ಮತ್ತೊಂದು ದಿನ ಹೇಳಿದೆ. ಗಮನವಿಟ್ಟು ಕೇಳಿದ. ಕೊನೆಯಲ್ಲಿ, “ಹಾಗಾದರೆ ಸಾರ್, ಗಾಲಿಯ ಹತ್ತಿರ ಕೂತು ಬ್ರೇಕು ನೋಡುವವನ ಹೆಸರು ಚಿತ್ರದ ಕೆಳಗೆ ಯಾಕೆ ಹಾಕಿಲ್ಲ?” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಜಾತ್ರೆಯಲ್ಲಿ ತೇರಿನ ಮುಂದೆ ನಿಂತಾಗ, ಕಳಸಕ್ಕೆ ಕೈಮುಗಿದ ಮೇಲೆ ಒಮ್ಮೆ ಕೆಳಗೆ ಗಾಲಿಯ ಕಡೆಗೂ ನೋಡೋಣ ಎಂದಷ್ಟೇ ಹೇಳಿ ಕುಳ್ಳಿರಿಸಿದೆ. ನಿಮಗೂ ಅದನ್ನೇ ಹೇಳುತ್ತೇನೆ.